ನೀವು ಕೇಳ್ರಿ, ನಾವು ಹೇಳ್ತೀವಿ: ಒಂಬತ್ತರ ಕುಣಿತಕ್ಕ ನಾಕರ ಬೀಟ್

ಪ್ರಶ್ನೆ: ಕಾಲೇಜ್ ಗ್ಯಾದರಿಂಗ್‌ಗೆ ನಮ್ಮ ಹುಡುಗೂರು ಟರ್ಕಿ ದೇಶದ ‘ಕಾರ್ಶಿಲಮಾ’ ಅನ್ನೋ ಜಾನಪದ ಕುಣಿತ ಹಿಡದಾರ್ರಿ, ಹಳೇ ಹಾಡಿಗೆ ಡಿಜೆ ಬೀಟ್ ಕೂಡ್ಸ್ಯಾರ, ಹದಿನೈದ ದಿನಾ ಆತು ಹೆಜ್ಜಿ ಕೂಡವಲ್ದು. ಹಳೇದನ್ನ ಹೊಸಾದು ಮಾಡಿದ್ದ ತಪ್ಪಾತೇನ್ರಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಪ್ಪು ಹುಡುಗೂರ್ದಲ್ರಿ, ಬೀಟ್‌ದು. ಕಾರ್ಶಿಲಮಾ ಅಂದ್ರ ಎದುರಾಬದುರಾ ನಿಂತು ಕುಣಿಯೋದು, ಅದರ ಲೆಕ್ಕ ಒಂಬತ್ತು. ಬಾಯಾಗ ಅಂದು ನೋಡ್ರಿ: ತಕ, ತಕ, ತಕ, ತಕಿಟ. ಮೂರು ಹೆಜ್ಜಿ ಗಿಡ್ಡ, ನಾಕನೇದು ಉದ್ದ, ಆ ಉದ್ದದಾಗ ಇರೋದು ಕುಣಿತದ ಮಜಾ. ಡಿಜೆ ಬೀಟ್ ಎಲ್ಲಾ ಸಮಾ ಸಮಾ ಬಡೀತೈತಿ, ಒಂಬತ್ತನ್ನ ಎಂಟಕ್ಕ ತುರುಕಿದ್ರ ಒಂದ್ ಮಾತ್ರಾ ಕಳೀತೈತಿ, ಕಾಲು ಮ್ಯಾಲ ಇದ್ದಾಗ ಬೀಟ್ ಕೆಳಗ ಬಂದಿರ್ತೈತಿ, ಪಾಪ ಹುಡುಗೂರು ಏನ್ ಮಾಡ್ಬೇಕು.

ಹೊಸಾದು ಮಾಡೋದು ಟರ್ಕಿಯವ್ರೂ ಮಾಡ್ಯಾರ್ರಿ. 1965ರಾಗ ಹುರಿಯೆತ್ ಪತ್ರಿಕೆಯವ್ರು ‘ಆಲ್ತಿನ್ ಮಿಕ್ರೊಫೋನ್’ ಅಂತ ಸ್ಪರ್ಧಾ ಇಟ್ಟು ಗಿಟಾರ್ ಹುಡುಗೂರ ಕೈಲೆ ತಮ್ಮ ನಾಡಿನ ಧಾಟಿ ಹಾಡ್ಸಿದ್ರು. ಮುಂದ ಮೊಘೊಲ್ಲಾರ್ ಬ್ಯಾಂಡ್‌ನವ್ರು, ಹಾಡುಗಾರ ಬಾರಿಶ್ ಮಾಂಚೊ ಬಂದ್ರು, ಸಾಝ್ ಅನ್ನೋ ಅವರ ಉದ್ದ ಕುತ್ತಿಗಿ ತಂತಿವಾದ್ಯಕ್ಕೂ ಕರೆಂಟ್ ಹತ್ತಿತು. ಈಗ ಆಮ್‌ಸ್ಟರ್‌ಡ್ಯಾಮ್‌ನ ಆಲ್ತಿನ್ ಗ್ಯುನ್ ಬ್ಯಾಂಡ್ ಅದನ್ನ ಯುರೋಪ್ ತುಂಬಾ ಒಯ್ದೈತಿ. ಒಟ್ಟ ಹಳೇದನ್ನ ಮುಟ್ಟಬಾರ್ದು ಅನ್ನೋ ಮಡಿ ನನಗಿಲ್ಲ.

ಆದ್ರ ನಮ್ಮ ಹೋಳಿ ನೆನಸ್ರಿ, ಡಿಜೆ ಗಾಡಿ ಬಂತಂದ್ರ ಹಲಗಿಯವ ಬಾರಿಸಿದ್ದು ಅವಂಗ ಕೇಳ್ಸೂದಿಲ್ಲ. ಟರ್ಕಿಯವರ ದಾವುಲ್ ಡೋಲಿಗೂ ಹಲಗಿ ಹಂಗ ಎರಡು ಕೋಲು, ದಪ್ಪಂದು ಒಂದು ಮಗ್ಗಲಾಗ ‘ಧುಮ್’, ತೆಳ್ಳಂದು ಇನ್ನೊಂದು ಮಗ್ಗಲಾಗ ‘ಚಟ್’. ನಿಮ್ಮ ಕೀಬೋರ್ಡ್ ಹುಡುಗಗ ಹೇಳ್ರಿ, ಧುಮ್ಮನ್ನ 1, 3, 5, 7ಕ್ಕ ಅಷ್ಟ ಇಡು, 8, 9 ಖಾಲಿ ಬಿಡು. ಬಾಸ್ ಎಷ್ಟರ ಏರಿಸ್ಲಿ. ಅದೂ ಜಗ್ಗಲಿಲ್ಲಂದ್ರ ಹಾಲಾಯ್ ಹಿಡೀರಿ, ಸಾಲಾಗಿ ಕೈ ಹಿಡಕೊಂಡು ಕುಣಿಯೋದು, ಮುಂದಿನವನ ಕೈಯಾಗ ಕರವಸ್ತ್ರ, ಅದರಾಗ ಸಮ ಲೆಕ್ಕದ ಹಾಡು ಭಾಳ ಸಿಗ್ತಾವ, ಡಿಜೆ ಸಲೀಸಾಗಿ ಕೂಡ್ತೈತಿ.

ಪ್ರಶ್ನೆ: ಟರ್ಕಿಯವರ ಝುರ್ನಾ ಅನ್ನೋ ಊದೋ ವಾದ್ಯ ನಮ್ಮ ಕಡೆ ಯಾರರ ಊದ್ತಾರೇನ್ರಿ?
– ಓದುಗರು, ಗದಗ

ಉತ್ತರ: ಝುರ್ನಾ ಹುಡುಕಬ್ಯಾಡ್ರಿ. ಕರಡಿಮಜಲಿನ ಶಹನಾಯಿಯವರನ್ನ ಕೇಳ್ರಿ, ಎರಡಕ್ಕೂ ಜೋಡಿ ಪೀಪಿನ, ಉಸಿರು ಕಡಿಲಾರದ ಊದೋ ವಿದ್ಯಾನೂ ಅವರಿಗೆ ಗೊತ್ತೈತಿ. ಝುರ್ನಾ ಜರಾ ಚೀರತೈತಿ ಅಷ್ಟ, ಬಯಲಾಗ ಊದೋದು ನೋಡ್ರಿ. ಮೊದಲ ತಕ-ತಕ-ತಕ-ತಕಿಟ ಬಾಯಿಲೇ ಹೇಳಿ ತೋರಸ್ರಿ, ಹಾಡು ಆಮ್ಯಾಲೆ ಕೇಳ್ಸ್ರಿ.