ಅಪಘಾತ ಮಾಡಿದ ಕಾರಿನ ಮಾಲೀಕರು ರಾಜಿಗೆ ಕರೆಯುತ್ತಿದ್ದಾರೆ, ಎಷ್ಟು ಹಣಕ್ಕೆ ಒಪ್ಪಬಹುದು?

ಎಲೆಕ್ಟ್ರಿಷಿಯನ್ ಆಗಿರುವ ನಿಮ್ಮ 34 ವರ್ಷದ ತಮ್ಮನ ಬಲಗೈ ಮುರಿದಿದೆ. ಕಾರಿನ ಮಾಲೀಕರು ಆಸ್ಪತ್ರೆಯ ಬಿಲ್ ಜೊತೆಗೆ 60,000 ರೂಪಾಯಿ ಕೊಡುತ್ತೇವೆ, ಠಾಣೆಗೆ ಹೋಗಬೇಡಿ ಎನ್ನುತ್ತಿದ್ದಾರೆ. ಎಷ್ಟಕ್ಕೆ ಒಪ್ಪಬಹುದು ಎಂಬುದು ನಿಮ್ಮ ಪ್ರಶ್ನೆ. ಯಾವ ಮೊತ್ತಕ್ಕೂ ಒಪ್ಪಬೇಡಿ ಎಂಬುದು ನನ್ನ ಉತ್ತರ. 2017ರಲ್ಲಿ ನಾನು ಇದೇ ಜಾಗದಲ್ಲಿ ನಿಂತು ಒಪ್ಪಿಕೊಂಡವನು.

ಆಗ ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಮುದ್ರಣಾಲಯವಿತ್ತು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರಗಳಿಂದಲೇ ಸಂಸಾರ ನಡೆಯುತ್ತಿತ್ತು. ಹರಿಹರದ ಗಿರಾಕಿಯೊಬ್ಬರಿಗೆ ಕರಡಚ್ಚು ತೋರಿಸಿ ಬೈಕಿನಲ್ಲಿ ಮರಳುತ್ತಿದ್ದಾಗ, ಅಡ್ಡರಸ್ತೆಯಿಂದ ನುಗ್ಗಿದ ಕಾರೊಂದು ಬಲಗಡೆಯಿಂದ ಗುದ್ದಿತು. ಭುಜ ಮತ್ತು ಮಣಿಕಟ್ಟು ಎರಡೂ ಮುರಿದವು. ಕಾರು ಓಡಿಸುತ್ತಿದ್ದ ಹುಡುಗ ಓಡಿಹೋಗಲಿಲ್ಲ, ಅವನೇ ನನ್ನನ್ನು ಆಸ್ಪತ್ರೆಗೆ ಕರೆತಂದ. ಅವನ ತಂದೆ ನಮ್ಮ ಹಳೆಯ ಗಿರಾಕಿ ಎಂಬುದು ದಾರಿಯಲ್ಲಿ ತಿಳಿಯಿತು. ‘ಅಣ್ಣಾ, ಕೇಸಾದರೆ ನನ್ನ ಪಾಸ್‌ಪೋರ್ಟ್ ನಿಂತುಹೋಗುತ್ತದೆ, ಖರ್ಚೆಲ್ಲ ನಮ್ಮದು’ ಎಂದು ಅವನು ಅಳುತ್ತಲೇ ಹೇಳಿದ. ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಹೇಗಾಯಿತೆಂದು ಕೇಳಿದಾಗ, ‘ಬೈಕ್ ಸ್ಕಿಡ್ ಆಗಿ ಬಿದ್ದರು’ ಎಂದು ಅವನೇ ಉತ್ತರ ಕೊಟ್ಟ. ನಾನು ಹೌದೆಂದು ತಲೆಯಾಡಿಸಿದೆ.

ನನ್ನ ತಪ್ಪು ಇದೊಂದೇ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅದರ ಬೆಲೆ ಎಷ್ಟೆಂದು ಆಗ ಯಾರೂ ನನಗೆ ಹೇಳಲಿಲ್ಲ. ನಾವು ಹೇಳಿದ ಕಾರಣವನ್ನು ವೈದ್ಯರು ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆಯುತ್ತಾರೆ. ವಾಹನ ಡಿಕ್ಕಿ ಎಂದಿದ್ದರೆ ಅದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣವಾಗಿ ದಾಖಲಾಗಿ ಠಾಣೆಗೆ ಮಾಹಿತಿ ಹೋಗುತ್ತಿತ್ತು. ಸ್ವತಃ ಬಿದ್ದದ್ದು ಎಂದು ಬರೆದದ್ದರಿಂದ ಮಾಹಿತಿ ಹೋಗಲಿಲ್ಲ, ಹೇಳಿಕೆ ಪಡೆಯಲು ಪೊಲೀಸರು ಬರಲಿಲ್ಲ, ಸ್ಥಳದ ಮಹಜರು ನಡೆಯಲಿಲ್ಲ, ಮೋಟಾರು ವಾಹನ ನಿರೀಕ್ಷಕರು ಕಾರನ್ನು ನೋಡಲಿಲ್ಲ. ತಗ್ಗಾಗಿದ್ದ ಬಂಪರ್ ಆ ವಾರವೇ ಗ್ಯಾರೇಜಿನಲ್ಲಿ ಸರಿಯಾಯಿತು. ಮೊದಲ ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಅವರು ಕಟ್ಟಿದರು, ಅದು ನಿಜ. ಮಣಿಕಟ್ಟಿನ ಪ್ಲೇಟಿಗೆ ಸೋಂಕು ತಗುಲಿ ಎರಡನೆಯ ಶಸ್ತ್ರಚಿಕಿತ್ಸೆ ಬೇಕೆಂದಾಗ ಮಾತ್ರ ಫೋನ್ ಎತ್ತುವುದನ್ನು ನಿಲ್ಲಿಸಿದರು. ಆಮೇಲೆ ನಾನು ದೂರು ಕೊಟ್ಟೆ. ಅಷ್ಟರಲ್ಲಿ ತಿಂಗಳ ಮೇಲಾಗಿತ್ತು.

ಪೊಲೀಸರು ಎಫ್‌ಐಆರ್ ಮಾಡಿದರು, ತನಿಖೆಯ ನಂತರ ಚಾಲಕನ ಮೇಲೆ ಆರೋಪಪಟ್ಟಿಯನ್ನೂ ಸಲ್ಲಿಸಿದರು. ಆರೋಪಪಟ್ಟಿ ಇದ್ದರೆ ಪರಿಹಾರ ಸಿಕ್ಕಂತೆಯೇ ಎಂದು ನಾನು ನಂಬಿದ್ದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಆ ಕೇಸ್ ಶೀಟನ್ನು ತೋರಿಸಿ, ಈ ಕಾರಣವನ್ನು ವೈದ್ಯರು ನಿಮ್ಮ ಸಮ್ಮತಿಯಿಂದಲೇ ಬರೆದುಕೊಂಡರಲ್ಲವೇ ಎಂದು ಕೇಳಿದರು. ಹೌದೆನ್ನದೆ ದಾರಿ ಇರಲಿಲ್ಲ. ಪರಿಹಾರಕ್ಕಾಗಿ ಪರಿಚಯದವರ ಕಾರನ್ನು ಆಮೇಲೆ ಸೇರಿಸಲಾಗಿದೆ ಎಂಬುದು ಅವರ ವಾದವಾಗಿತ್ತು. ತಡವಾಗಿ ದೂರು ಕೊಟ್ಟ ಮಾತ್ರಕ್ಕೆ ಅರ್ಜಿಯನ್ನು ತಳ್ಳಿಹಾಕಬಾರದು, ಗಾಯಾಳು ಮೊದಲು ಚಿಕಿತ್ಸೆಗೆ ಓಡುವುದು ಸಹಜ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಹೇಳಿದೆ. ನನ್ನ ವಕೀಲರು ಅದನ್ನು ಮುಂದಿಟ್ಟರು. ಆದರೆ ನನ್ನ ತೊಡಕು ಬರೀ ವಿಳಂಬವಾಗಿರಲಿಲ್ಲ. ಪರಿಹಾರದ ಯೋಚನೆಯೇ ಬರುವ ಮೊದಲು ಆಡಿದ ಮಾತಿಗೆ ನ್ಯಾಯಾಲಯ ಹೆಚ್ಚು ತೂಕ ಕೊಡುತ್ತದೆ, ಮತ್ತು ಆ ಮಾತು ನನಗೆ ವಿರುದ್ಧವಾಗಿತ್ತು. ಅರ್ಜಿ ವಜಾ ಆಯಿತು. ಹೈಕೋರ್ಟಿಗೆ ಮೇಲ್ಮನವಿ ಹಾಕಿದೆ. ಅದು ಬಾಕಿಯಿರುವಾಗಲೇ ಸಾಲ ಬೆಳೆದು ಆಫ್‌ಸೆಟ್ ಯಂತ್ರವನ್ನು ಮಾರಬೇಕಾಯಿತು. ಕೊನೆಗೆ ಲೋಕ ಅದಾಲತ್‌ನಲ್ಲಿ, ನ್ಯಾಯವಾಗಿ ಬರಬೇಕಾಗಿದ್ದುದರ ಒಂದು ಭಾಗಕ್ಕೆ ಸಹಿ ಹಾಕಿದೆ. ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ಪರಿಹಾರವನ್ನು ಮಾಲೀಕರ ಜೇಬಿನಿಂದ ಕೇಳಬೇಕು, ಆದ್ದರಿಂದ ಅವರ ಶಕ್ತಿ ನೋಡಿ ಕೇಳಬೇಕು ಎಂದು ನೀವು ಭಾವಿಸಿದ್ದೀರಿ. ಅದು ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಯಾವ ವಾಹನವೂ ರಸ್ತೆಗೆ ಇಳಿಯುವಂತಿಲ್ಲ. ಆ ವಿಮೆ ಇರುವುದೇ ನಿಮ್ಮ ತಮ್ಮನಂಥವರಿಗಾಗಿ. ಮಾಲೀಕರು ವರ್ಷವರ್ಷವೂ ಕಂತು ಕಟ್ಟಿದ್ದಾರೆ, ಹಣ ಕೊಡಬೇಕಾದದ್ದು ವಿಮಾ ಕಂಪನಿ. ಹಾನಿಗೊಂಡ ಸ್ವಂತ ಕಾರಿಗೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ಥರ್ಡ್ ಪಾರ್ಟಿ ಪರಿಹಾರದಿಂದ ಹೋಗುವುದಿಲ್ಲ ಎಂಬುದೂ ಅನೇಕ ಮಾಲೀಕರಿಗೆ ಗೊತ್ತಿಲ್ಲ. ಅವರಿಗೆ ನಿಜವಾಗಿ ಇರುವ ಭಯ ಅಜಾಗರೂಕ ಚಾಲನೆಯ ಕ್ರಿಮಿನಲ್ ಪ್ರಕರಣದ್ದು. ಆ ಭಯಕ್ಕೆ ಬೆಲೆಯಾಗಿ ನಿಮ್ಮ ತಮ್ಮ ತನ್ನ ಹಕ್ಕನ್ನು ಬಿಟ್ಟುಕೊಡಬೇಕಾಗಿಲ್ಲ.

ಆ ಹಕ್ಕಿನ ಅಳತೆ ನಿಮಗೆ ಗೊತ್ತಿರಲಿ. ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿಪಡಿಸಿದ ಪಟ್ಟಿಯಲ್ಲಿ 31ರಿಂದ 35 ವರ್ಷದವರಿಗೆ ಗುಣಕ, ಅಂದರೆ ವರ್ಷದ ಗಳಿಕೆಯ ನಷ್ಟವನ್ನು ಗುಣಿಸಬೇಕಾದ ಸಂಖ್ಯೆ, 16. ನಿಮ್ಮ ತಮ್ಮನ ತಿಂಗಳ ದುಡಿಮೆ 15,000 ಎಂದೂ, ಗಳಿಕೆಯ ಸಾಮರ್ಥ್ಯ ಶೇ 20ರಷ್ಟು ಶಾಶ್ವತವಾಗಿ ಕುಗ್ಗಿದೆ ಎಂದೂ ಇಟ್ಟುಕೊಂಡರೆ, ಆ ಒಂದು ಬಾಬತ್ತಿಗೇ 5,76,000 ರೂಪಾಯಿ ಆಗುತ್ತದೆ. 2017ರ ಪ್ರಣಯ್ ಸೇಠಿ ತೀರ್ಪಿನಂತೆ, ಸ್ವಂತ ಉದ್ಯೋಗದಲ್ಲಿರುವ 40ರೊಳಗಿನವರ ಆದಾಯಕ್ಕೆ ಭವಿಷ್ಯದ ಏರಿಕೆಯೆಂದು ಶೇ 40 ಸೇರಿಸಿದರೆ ಅದು 8,06,400 ಆಗುತ್ತದೆ. ಚಿಕಿತ್ಸೆಯ ಖರ್ಚು, ನೋವು, ಮಲಗಿದ್ದ ತಿಂಗಳುಗಳ ಸಂಪಾದನೆ, ಮುಂದೆ ಪ್ಲೇಟ್ ತೆಗೆಸುವ ಖರ್ಚು ಇವೆಲ್ಲ ಬೇರೆ. ಇದರ ಮುಂದೆ ಆ 60,000ವನ್ನು ಇಟ್ಟು ನೋಡಿ.

ಇಲ್ಲಿ ಗಮನಿಸಬೇಕಾದದ್ದು, ವೈದ್ಯರು ಕೊಡುವ ಅಂಗವೈಕಲ್ಯದ ಶೇಕಡಾವಾರು ಬೇರೆ, ಗಳಿಕೆಯ ನಷ್ಟ ಬೇರೆ. ಎಡಗೈ ಕಳೆದುಕೊಂಡ ಬಡಗಿಗೋ ಚಾಲಕನಿಗೋ ದುಡಿಮೆಯೇ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನಿಗೆ ನೌಕರಿ ಉಳಿಯಬಹುದು ಎಂಬ ಉದಾಹರಣೆಯೊಂದಿಗೆ ಸುಪ್ರೀಂ ಕೋರ್ಟ್ ಇದನ್ನು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ವಿವರಿಸಿದೆ. ಏಣಿ ಹತ್ತಿ ತಂತಿ ಎಳೆಯುವವನಿಗೆ ಬಲಗೈ ಎಷ್ಟು ಮುಖ್ಯ ಎಂಬುದನ್ನು ನಿಮ್ಮ ತಮ್ಮನೇ ಸಾಕ್ಷಿಯಲ್ಲಿ ಹೇಳಬೇಕು. ಸಾಧ್ಯವಾದರೆ ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಬೇಕು. ಸಂಬಳದ ಚೀಟಿ ಇಲ್ಲವೆಂದು ಅಂಜಬೇಡಿ. ನಮ್ಮ ರಾಜ್ಯದ ಕೂಲಿ ಕಾರ್ಮಿಕ ರಾಮಚಂದ್ರಪ್ಪನವರ ಪ್ರಕರಣದಲ್ಲಿ, ದಾಖಲೆ ಇಲ್ಲದಿದ್ದರೂ ಅವರು ಹೇಳಿದ ತಿಂಗಳಿಗೆ 4,500 ರೂಪಾಯಿ ಆದಾಯವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿದೆ.

ಆದ್ದರಿಂದ ಇವತ್ತೇ ಕೇಸ್ ಶೀಟಿನ ಮೊದಲ ಪುಟ ನೋಡಿ. ವಾಹನ ಡಿಕ್ಕಿ ಎಂದಿದ್ದರೆ ಅದರ ಪ್ರತಿಯನ್ನು ಪಡೆದು ಠಾಣೆಗೆ ಹೋಗಿ ದೂರು ಕೊಡಿ. ಬೇರೇನೋ ಬರೆದಿದ್ದರೆ ತಿದ್ದಿಸಲು ಹೋಗಬೇಡಿ, ತಿದ್ದಿದ ದಾಖಲೆ ಇನ್ನೂ ಕೆಟ್ಟದ್ದು. ಯಾರು ಏನು ಭರವಸೆ ಕೊಟ್ಟು ಹಾಗೆ ಹೇಳಿಸಿದರು, ದೂರು ಏಕೆ ತಡವಾಯಿತು ಎಂಬುದನ್ನು ದೂರಿನಲ್ಲಿಯೇ ಇದ್ದಂತೆ ಬರೆಯಿರಿ. ಮಾಲೀಕರು ರಾಜಿಗಾಗಿ ಕಳಿಸಿದ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ನನ್ನ ಬಳಿ ಅಂಥದ್ದೊಂದು ಇದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ನನ್ನ ಕಾಲಕ್ಕಿಂತ ಈಗ ಕಾನೂನು ನಿಮ್ಮ ಕಡೆ ಹೆಚ್ಚು ವಾಲಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ, ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳೊಳಗೆ ಮತ್ತು ವಿವರವಾದ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಕಳಿಸಬೇಕು. ವಿಮಾ ಕಂಪನಿ ತಾನಾಗಿಯೇ ಒಂದು ಮೊತ್ತವನ್ನು ಮುಂದಿಡಬೇಕು. ಯಾರ ತಪ್ಪೆಂದು ಸಾಬೀತುಪಡಿಸದೆ 164ನೇ ಕಲಮಿನಡಿ ಗಂಭೀರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಪಡೆಯಲೂ ಅವಕಾಶವಿದೆ. ಆದರೆ ಅದನ್ನು ಸ್ವೀಕರಿಸಿದರೆ 166ನೇ ಕಲಮಿನ ಪೂರ್ಣ ಪರಿಹಾರದ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಬಲಗೈಯನ್ನೇ ನಂಬಿ ದುಡಿಯುವವನು ಆ ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

166ರ ಅರ್ಜಿಗೆ ಅಪಘಾತದ ದಿನದಿಂದ 6 ತಿಂಗಳ ಗಡುವಿದೆ. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ನೀವು ಅದನ್ನು ನೆಚ್ಚಿ ಕೂರದೆ ಗಡುವಿನೊಳಗೇ ಸಲ್ಲಿಸಿ. ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಕೇಳುವ ವಕೀಲರಿಗೆ ವಕಾಲತ್ತು ಕೊಡಬೇಡಿ, ಬಾರ್ ಕೌನ್ಸಿಲ್ ನಿಯಮಗಳೇ ಅದನ್ನು ನಿಷೇಧಿಸಿವೆ. ಶುಲ್ಕ ಭರಿಸಲು ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.