ಎಲ್ಲಾ ಬೆಂಗಳೂರಿಗೇ ಯಾಕ ಹೋಗತಾವ?

ಪ್ರಶ್ನೆ: ಸರ, ನಮ್ಮ ಹುಬ್ಬಳ್ಳಿ-ಧಾರವಾಡದಾಗ ಇಂಜಿನಿಯರಿಂಗ್ ಕಾಲೇಜ್ ಅದಾವ, 2016ರಾಗ ಐಐಟಿನೂ ಬಂತು, ಏರ್‌ಪೋರ್ಟ್ ಐತಿ. ಆದ್ರೂ ಹೊಸಾದು ಏನರೆ ಮಾಡಬೇಕಂದ್ರ ಹುಡುಗ್ರು ಬೆಂಗಳೂರ ಬಸ್ಸೇ ಹತ್ತತಾರ. ಒಂದು ದೊಡ್ಡ ಐಟಿ ಪಾರ್ಕ್ ಕಟ್ಟಿದ್ರ ಸರಿಹೋಗ್ತದೇನ್ರಿ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಬರೀ ಪಾರ್ಕ್ ಕಟ್ಟಿದ್ರೆ ಬಿಲ್ಡಿಂಗ್ ಬರುತ್ತೆ ಸರ್, ಕೆಲಸ ಗೊತ್ತಿರೋ ಜನ ಅದ್ರ ಹಿಂದೇನೇ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಬೆಂಗಳೂರಲ್ಲಿ ಆಗಿದ್ದು ಉಲ್ಟಾ. 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಐಐಎಸ್‌ಸಿ, ವಿಜ್ಞಾನ ಸಂಸ್ಥೆ) ಶುರುವಾಯ್ತು, 1940ರಲ್ಲಿ ವಿಮಾನ ಮಾಡೋ ಎಚ್‌ಎಎಲ್, ಆಮೇಲೆ 48ರಲ್ಲಿ ಟೆಲಿಫೋನ್ ಮಾಡೋ ಐಟಿಐ ಫ್ಯಾಕ್ಟರಿ, 53ರಲ್ಲಿ ಯಂತ್ರ ಮಾಡೋ ಎಚ್‌ಎಂಟಿ, 54ರಲ್ಲಿ ಸೈನ್ಯಕ್ಕೆ ಎಲೆಕ್ಟ್ರಾನಿಕ್ಸ್ ಮಾಡೋ ಬಿಇಎಲ್. ಈ ಫ್ಯಾಕ್ಟರಿಗಳಿಗೆ ಸಣ್ಣಪುಟ್ಟ ಪಾರ್ಟ್ಸ್ ಮಾಡಿಕೊಡೋ ವರ್ಕ್‌ಶಾಪ್‌ಗಳು ಪೀಣ್ಯದ ಕಡೆ ಬೆಳೆದ್ವು, ಒಳಗೆ ಕೆಲಸ ಕಲಿತವರಲ್ಲಿ ಕೆಲವರು ಹೊರಗೆ ಬಂದು ತಮ್ಮದೇ ಶೆಡ್ ಹಾಕಿದ್ರು. 1978ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನವರು 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡೋ ಹೊತ್ತಿಗೆ, 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರೋ ಹೊತ್ತಿಗೆ, ಸರ್ಕ್ಯೂಟ್ ಅಂದ್ರೆ ಏನು ಅಂತ ಗೊತ್ತಿರೋ ಜನ ಊರಲ್ಲಿ ಆಗ್ಲೇ ಇದ್ರು.

ಇನ್ನೊಂದು ಮಜಾ ನೋಡಿ, ಈ ಕಂಪನಿಗಳ ಗುಂಪು ಊರೊಳಗೂ ಒಂದೇ ಕಡೆ ಕೂತಿಲ್ಲ. ಪೀಣ್ಯ ಆಯ್ತು, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಔಟರ್ ರಿಂಗ್ ರೋಡ್, ಆಮೇಲೆ ಸ್ಟಾರ್ಟಪ್ ಕಾಲಕ್ಕೆ ಕೋರಮಂಗಲ, ಎಚ್‌ಎಸ್‌ಆರ್. ಬಾಡಿಗೆ ಏರುತ್ತೆ, ಟ್ರಾಫಿಕ್ ಸಾಯಿಸುತ್ತೆ, ಎಲ್ಲರೂ ಬೈಕೊಂಡೇ ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಹೋಗ್ತಾರೆ, ಆದ್ರೆ ತುಮಕೂರು ದಾಟಲ್ಲ! ಯಾಕಂದ್ರೆ ಇಲ್ಲಿದ್ರೆ ಮನೆ ಬದಲಾಯಿಸ್ದೆ, ಮಕ್ಕಳ ಸ್ಕೂಲ್ ಬಿಡಿಸ್ದೆ ಕೆಲಸ ಬದಲಾಯಿಸಬಹುದು, ಗಂಡ ಹೆಂಡತಿ ಇಬ್ಬರಿಗೂ ಕೆಲಸ ಸಿಗುತ್ತೆ, ಕಂಪನಿ ಮುಳುಗಿದ್ರೂ ಮುಂದಿನ ತಿಂಗಳು ಪಕ್ಕದ ರೋಡಲ್ಲೇ ಇಂಟರ್‌ವ್ಯೂ.

ಹಾಗೆ ಓಡಾಡೋ ಜನರ ತಲೆಯಲ್ಲೇ ವಿದ್ಯೆನೂ ಓಡಾಡುತ್ತೆ. ಇದಕ್ಕೆ ಕಾನೂನಿನ ಪಾಲೂ ಇದೆ, ನನಗಂತೂ ಇದು ಭಾರಿ ಇಷ್ಟದ ವಿಷಯ: 1872ರ ನಮ್ಮ ಕಾಂಟ್ರಾಕ್ಟ್ ಆಕ್ಟ್‌ನ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟೋನನ್ನ 'ಪಕ್ಕದ ಕಂಪನಿಗೆ ಸೇರಬೇಡ' ಅಂತ ಕಟ್ಟಿಹಾಕೋ ಕರಾರು ನಿಲ್ಲಲ್ಲ. ಸಿಲಿಕಾನ್ ವ್ಯಾಲಿ ಇರೋ ಕ್ಯಾಲಿಫೋರ್ನಿಯಾದಲ್ಲೂ ಇಂಥದ್ದೇ ಕಾನೂನು ಅದೇ 1872ರಲ್ಲಿ ಬಂತು. ಅಮೆರಿಕದ್ದೇ ಇನ್ನೊಂದು ಕಂಪ್ಯೂಟರ್ ಊರಾಗಿದ್ದ ಬಾಸ್ಟನ್ ಕಡೆ ಹಾಗಿರಲಿಲ್ಲ, ಅಲ್ಲಿ ಇಂಥ ಕರಾರನ್ನ ಕೋರ್ಟ್‌ಗಳು ಎತ್ತಿಹಿಡೀತಿದ್ವು, ಕಂಪ್ಯೂಟರ್‌ನಲ್ಲಿ ಅವರು ಹಿಂದೆ ಬೀಳೋಕೆ ಅದೂ ಒಂದು ಕಾರಣ ಅಂತ ವಾದ ಇದೆ.

ಹಂಗಾದ್ರೆ ಹುಬ್ಬಳ್ಳಿಗೆ ದಾರಿ ಇಲ್ವಾ? ಇದೆ, ಆದ್ರೆ ಬೆಂಗಳೂರಿನ ಕಾಪಿ ಹೊಡೆದ್ರೆ ಆಗಲ್ಲ. ನಿಮ್ಮ ಪಕ್ಕದ ಬೆಳಗಾವಿನೇ ನೋಡಿ. ಅಲ್ಲಿ ಫೌಂಡ್ರಿ (ಲೋಹ ಕರಗಿಸಿ ಅಚ್ಚು ಹೊಯ್ಯೋದು), ಹೈಡ್ರಾಲಿಕ್ಸ್ (ಎಣ್ಣೆ ಒತ್ತಡದಲ್ಲಿ ಓಡೋ ಯಂತ್ರಭಾಗ) ಕೆಲಸ ಹಳೇದು, ಲೋಹದ ಕೆಲಸ ಕೈಯಲ್ಲಿದೆ, ಈಗ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳೇ ತಯಾರಾಗ್ತಿವೆ. ನಿಮ್ಮಲ್ಲೂ ರೈಲ್ವೆ ವರ್ಕ್‌ಶಾಪ್ ಇದೆ, ಧಾರವಾಡದಲ್ಲಿ ಬಸ್ ಕಟ್ಟೋ ಫ್ಯಾಕ್ಟರಿ ಇದೆ. ಆ ಲೈನಲ್ಲೇ ಎರಡನೇದು, ಮೂರನೇದು, ನಾಲ್ಕನೇ ಕಂಪನಿ ಬರೋ ಹಾಗೆ ಮಾಡ್ಲಿ, ಒಂದೇ ದೊಡ್ಡ ಕಂಪನಿನ ಕರ್ಕೊಂಡು ಬಂದು ರಿಬ್ಬನ್ ಕಟ್ ಮಾಡೋದಲ್ಲ. ಒಂದೇ ಇದ್ರೆ ಅದನ್ನ ಬಿಟ್ಟ ಹುಡುಗ ಮತ್ತೆ ಬೆಂಗಳೂರ ಬಸ್ಸೇ ಹತ್ತಬೇಕಲ್ವಾ.