ನಾರ್ಮಲ್ ಅಂತ ಬರೆದ ಫೈಲು

ಗಿಣಿಗೇರಿ ಕಡೆಯ ಕಬ್ಬಿಣದ ಕಾರ್ಖಾನೆಯೊಂದರ ಕಾರ್ಮಿಕರೊಬ್ಬರು ಬರೆದಿದ್ದಾರೆ: "11 ವರ್ಷದಿಂದ ವರ್ಷಾ ವರ್ಷಾ ರಕ್ತ ತೆಗೀತಾರೆ, ನಳಿಗೆ ಊದಿಸ್ತಾರೆ, ಕಿವಿಗೆ ಹೆಡ್‌ಫೋನ್ ಹಾಕ್ತಾರೆ. ಕೊನೆಗೆ 'ನಾರ್ಮಲ್' ಅಂತ ಫೈಲು ಕೊಡ್ತಾರೆ. ಅದನ್ನ ಇಟ್ಕೊಂಡು ಏನು ಮಾಡ್ಲಿ ಸರ್? ತೊಂದರೆ ಇದೆ ಅಂದ್ರೆ ಕೆಲಸ ಹೋಗುತ್ತಾ?"

ಮೊದಲು ಹಳೇ ಫೈಲುಗಳನ್ನು ಹುಡುಕಿ. ಟ್ರಂಕಿನಲ್ಲಿ ಎಲ್‌ಐಸಿ ಬಾಂಡಿನ ಜೊತೆ ಇರಬಹುದು. ಈ ವರ್ಷದ ಹಾಳೆ ಒಂದನ್ನೇ ನೋಡಿದರೆ ಅರ್ಧ ವಿಷಯ ಗೊತ್ತಾಗುವುದಿಲ್ಲ.

ಶ್ವಾಸಕೋಶದ ಶಕ್ತಿ ನೋಡುವ ಊದುವ ಪರೀಕ್ಷೆಯನ್ನೇ ತಗೊಳ್ಳಿ. ನಿಮ್ಮ ವಯಸ್ಸಿಗೆ, ಎತ್ತರಕ್ಕೆ ಇಷ್ಟು ಗಾಳಿ ಬರಬೇಕು ಅಂತ ಲೆಕ್ಕವಿದೆ. ಸಾಮಾನ್ಯವಾಗಿ ಅದರ ಶೇ. 80 ದಾಟಿದರೆ ನಾರ್ಮಲ್ ಅನ್ನುತ್ತಾರೆ. ಕೆಲಸಕ್ಕೆ ಸೇರಿದಾಗ ಶೇ. 105 ಇದ್ದವರು ಈಗ 84ಕ್ಕೆ ಇಳಿದಿದ್ದರೂ ಮುದ್ರೆ ಅದೇ! ವಯಸ್ಸಿನ ಇಳಿತವನ್ನು ಆ ಲೆಕ್ಕದಲ್ಲೇ ಕಳೆದಿರುತ್ತಾರೆ. ಮಿಕ್ಕಿದ್ದು ಬೀಡಿಯಿಂದ ಬಂತೋ, ದೂಳಿನಿಂದಲೋ, ಅವತ್ತು ಸರಿಯಾಗಿ ಊದಲಿಲ್ಲವೋ, ಡಾಕ್ಟರನ್ನು ಕೇಳಬೇಕು.

ಕಿವಿಯ ಹಾಳೆಯಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಗುಂಡಿಗೆ ಬಿದ್ದಂತೆ ಇಳಿದಿದೆಯಾ ನೋಡಿ. ಸದ್ದಿನಲ್ಲಿ ದುಡಿದ ಕಿವಿಯ ಗುರುತು ಅದು. ಮಾತು ಇನ್ನೂ ಕೇಳುತ್ತಿರುತ್ತದೆ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೋದದ್ದು ವಾಪಸ್ ಬರುವುದಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಸೀದಾ ಪರೀಕ್ಷೆಗೆ ಕೂತಿದ್ದರೆ ಕಿವಿ ಸ್ವಲ್ಪ ಹೊತ್ತು ಮಂದವಾಗಿರುತ್ತದೆ. 14 ಗಂಟೆಯಾದರೂ ಸದ್ದಿನಿಂದ ದೂರವಿದ್ದು ಇನ್ನೊಮ್ಮೆ ಮಾಡಿಸಿ.

ಶುಗರ್, ಬಿಪಿ ಬಗ್ಗೆ ಕ್ಯಾಂಟೀನಿನಲ್ಲೇ ಬೇಕಾದಷ್ಟು ಚರ್ಚೆಯಾಗುತ್ತದೆ ಅಲ್ವಾ? ಖಾಲಿ ಹೊಟ್ಟೆಯ ಶುಗರ್ 100 ದಾಟಿದರೆ ಎಚ್ಚರ, 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷೆ. ಹೊಟ್ಟೆ ನಿಜಕ್ಕೂ ಖಾಲಿ ಇತ್ತಾ ಅನ್ನುವುದೂ ಮುಖ್ಯ. ನಮ್ಮ ಕಚೇರಿಗೆ ಒಮ್ಮೆ ಇಂಥ ಶಿಬಿರ ಬಂದಾಗ ನಾನು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಹೋಗಿ ಕೈ ಚಾಚಿದ್ದೆ. ಯಾರೂ ಕೇಳಲಿಲ್ಲ. ರಿಪೋರ್ಟಿನಲ್ಲಿ 'ಫಾಸ್ಟಿಂಗ್' ಅಂತ ಬಂತು. ಸುಮ್ನೆ ಮೂರು ರಾತ್ರಿ ನಿದ್ದೆ ಹಾಳು.

ಇನ್ನು ಕೆಲಸದ ಭಯ. ಏನೂ ಆಗಲ್ಲ ಅಂತ ಇಲ್ಲಿ ಕೂತು ಭರವಸೆ ಕೊಡುವುದು ಸುಲಭ, ನಾನು ಕೊಡುವುದಿಲ್ಲ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿದಾಗ, ಅಪಾಯದ ಕೆಲಸ ಮಾಡುವವರ ಆರೋಗ್ಯ ದಾಖಲೆ ಅವರ ಕೈಗೂ ಸಿಗಬೇಕು ಅಂತ ಸೇರಿಸಿದರು. ಹಳೇ ಪ್ರತಿ ಕಳೆದಿದ್ದರೆ ಕೇಳಲು ಸಂಕೋಚ ಬೇಡ. ಕಾರ್ಖಾನೆಯಲ್ಲೇ ತೋರಿಸಲು ಅಂಜಿಕೆಯಿದ್ದರೆ ಮೊದಲು ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಯಾವ ಯಂತ್ರದ ಪಕ್ಕ, ಎಷ್ಟು ವರ್ಷ, ಎಂಥ ದೂಳು ಅಂತ ಒಂದು ಚೀಟಿ ಬರೆದು ಫೈಲಿನ ಮೇಲೆ ಪಿನ್ ಮಾಡಿ. ಇಲ್ಲದಿದ್ದರೆ ಅಲ್ಲಿನ ಡಾಕ್ಟರು ನಿಮ್ಮನ್ನು ಕಿರಾಣಿ ಅಂಗಡಿಯವರು ಅಂದುಕೊಂಡೇ ನೋಡಿ ಕಳಿಸುತ್ತಾರೆ.

- ಸಂ.